ನಾಯಿಯ ಉಗುರು ಕಿತ್ತಿದೆಯೇ? ‘ಮನೆಗೇ ಬರುತ್ತೇನೆ’ ಎನ್ನುವವನನ್ನು ಒಳಗೆ ಬಿಡುವ ಮುನ್ನ ಇದನ್ನು ಓದಿ

ಹುಬ್ಬಳ್ಳಿ-ಧಾರವಾಡದಲ್ಲಿ ನಾಯಿ ಸಾಕಿದವರು ಇದನ್ನು ಪೂರ್ತಿ ಓದಬೇಕೆಂದು ಕೈಮುಗಿದು ಕೇಳುತ್ತೇನೆ. ಒಂದು ಉಗುರಿನ ಗಾಯಕ್ಕೆ ನನ್ನಿಂದ 5,700 ರೂಪಾಯಿ ಕಿತ್ತುಕೊಂಡು, ಅದೂ ಸಾಲದೆ ನಾಯಿಯ ಬೆರಳನ್ನೇ ಕತ್ತರಿಸಲು ಹೊರಟಿದ್ದ ಮನುಷ್ಯನೊಬ್ಬ ಈ ಊರಿನಲ್ಲಿ ಬೈಕಿನ ಮೇಲೆ ತಿರುಗುತ್ತಿದ್ದಾನೆ. ಹೆಸರು ಬರೆಯುವುದಿಲ್ಲ. ಬರೆದರೆ ಅದನ್ನೇ ಹಿಡಿದು ನಿನ್ನ ಮೇಲೆ ತಿರುಗಿ ಬೀಳುತ್ತಾನೆ ಎಂದು ವಕೀಲರಾಗಿರುವ ನಮ್ಮ ಭಾವ ಹೇಳಿದ್ದಾರೆ. ಆದರೆ ಅವನು ಹೇಗೆ ಬರುತ್ತಾನೆ, ಏನು ಮಾತನಾಡುತ್ತಾನೆ ಎಂದು ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲವಲ್ಲ.

ನಮ್ಮ ನಾಯಿಯ ಹೆಸರು ಚಿಗರಿ. ಮುಧೋಳ ತಳಿಯ ಬೆರಕೆ, ಮೂರು ವರ್ಷ. ಆ ಭಾನುವಾರ ಸಂಜೆ ಕೇಶ್ವಾಪುರದ ನಮ್ಮ ಓಣಿಯಲ್ಲಿ ಬೆಕ್ಕಿನ ಹಿಂದೆ ಬಿದ್ದು ಓಡಿದಾಗ ಗಟಾರದ ಮೇಲಿನ ಕಬ್ಬಿಣದ ಜಾಳಿಗೆಯಲ್ಲಿ ಬಲ ಮುಂಗಾಲು ಸಿಕ್ಕಿಕೊಂಡಿತು. ಎಳೆದುಕೊಂಡ ರಭಸಕ್ಕೆ ಒಂದು ಉಗುರು ಬುಡದಿಂದಲೇ ಎದ್ದು ಪಕ್ಕಕ್ಕೆ ಜೋತುಬಿತ್ತು. ನಾಯಿಯ ಉಗುರಿನೊಳಗೆ ರಕ್ತನಾಳವೂ ನರವೂ ಇರುತ್ತವೆ. ಹೀಗಾಗಿ ಗಾಯ ಚಿಕ್ಕದಾದರೂ ರಕ್ತ ಸುರಿಯುವುದನ್ನು ನೋಡಿದರೆ ಎದೆ ಒಡೆಯುತ್ತದೆ, ನೋವೂ ವಿಪರೀತ. ಪಡಸಾಲೆಯ ತುಂಬ ರಕ್ತದ ಹೆಜ್ಜೆ. ಭಾನುವಾರ ಸಂಜೆ ಎಂದರೆ ನಿಮಗೆ ಗೊತ್ತೇ ಇದೆ, ಒಬ್ಬರೂ ಫೋನ್ ಎತ್ತಲಿಲ್ಲ. ನಮ್ಮ ಯಜಮಾನರು ಬೆಂಗಳೂರಿನಲ್ಲಿದ್ದರು. ಮೊಬೈಲಿನಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದದ್ದು ಇವನ ಜಾಹೀರಾತು: ಅರ್ಧ ಗಂಟೆಯಲ್ಲಿ ಮನೆಗೇ ಬರುತ್ತೇವೆ, ಸಾಕುಪ್ರಾಣಿಗಳ ಸಕಲ ಚಿಕಿತ್ಸೆ.

ಬಂದ. ಬಂದವನೇ ನಮ್ಮ ಅತ್ತೆಯವರ ಕಾಲಿಗೆ ನಮಸ್ಕಾರ ಮಾಡಿದ. ಅತ್ತೆ ಕರಗಿಹೋಗಿ ಚಹಾ ಮಾಡಿಕೊಟ್ಟರು. ಕೈಯಲ್ಲಿ ಕರಿ ಚೀಲ, ಕಿಸೆಯಲ್ಲಿ ಥರ್ಮಾಮೀಟರ್. “ಅಕ್ಕಾವರೇ, ಹೆದರಬೇಡಿ, ಇಂಥವನ್ನು ದಿನಾಲೂ ನೋಡುತ್ತೇನೆ” ಎಂದ. ಚೀಲದಿಂದ ಇಕ್ಕಳ ತೆಗೆದ. ಮರಗಟ್ಟಿಸುವ ಮದ್ದು ಇಲ್ಲ, ಬಾಯಿಗೆ ಬಟ್ಟೆ ಕಟ್ಟಲಿಲ್ಲ, ನನಗೆ ಒಂದು ಮಾತು ಹೇಳಲೂ ಇಲ್ಲ. ಜೋತಾಡುತ್ತಿದ್ದ ಉಗುರನ್ನು ಹಿಡಿದು ಕಿತ್ತೇಬಿಟ್ಟ. ಆ ಕೂಗನ್ನು ನಾನು ಇಲ್ಲಿ ಬರೆಯಲಾರೆ. ಎದುರು ಮನೆಯವರು ಗೇಟಿನವರೆಗೆ ಓಡಿ ಬಂದರು. “ನಾಯಿ ಎಂದ ಮೇಲೆ ಕೂಗುತ್ತದೆ ಅಕ್ಕಾವರೇ” ಎಂದು ನಕ್ಕ. ಹಳದಿ ಬಣ್ಣದ ಪುಡಿಯೊಂದನ್ನು ಒತ್ತಿ, ಹತ್ತಿ ಇಟ್ಟು, ಅಂಟುಪಟ್ಟಿಯನ್ನು ಸುತ್ತಿದ, ಸುತ್ತಿದ, ಸುತ್ತುತ್ತಲೇ ಇದ್ದ. ಬಾಟಲಿ ತೋರಿಸದೆ ಒಂದು ಚುಚ್ಚುಮದ್ದು ಕೊಟ್ಟ. ಬಂದದ್ದಕ್ಕೆ 800, ಪುಡಿಗೆ 400, ಚುಚ್ಚುಮದ್ದಿಗೆ 700.

ಹೋಗುವಾಗ ಇನ್ನೊಂದು ಮಾತು ಹೇಳಿದ. ಮನೆಯಲ್ಲಿ ನಿಮ್ಮದೇ ನೋವಿನ ಮಾತ್ರೆ ಇದ್ದರೆ ರಾತ್ರಿ ಅರ್ಧ ಕೊಡಿ ಎಂದ. ಮನುಷ್ಯರ ಐಬುಪ್ರೊಫೇನ್‌ನಂಥ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನೇ ಕೆಡಿಸಬಹುದು. ಇದು ನಮಗೆ ಆಮೇಲೆ ತಿಳಿದದ್ದು. ಚಿಗರಿ ರೊಟ್ಟಿಯನ್ನು ತಿಂದು ಮಾತ್ರೆಯನ್ನು ಉಗುಳಿತು. ಆ ರಾತ್ರಿ ಮನೆಯಲ್ಲಿ ಬುದ್ಧಿ ಇದ್ದದ್ದು ಅದೊಂದಕ್ಕೇ.

ಮರುದಿನ ಬಂದು, ಪಟ್ಟಿ ಬಿಚ್ಚದೆಯೇ ಮೂಸಿ ನೋಡಿ, “ಮೂಳೆಗೆ ಸೋಂಕು ಇಳಿದ ಹಾಗಿದೆ, ಎಕ್ಸ್-ರೇ ಮಾಡಿಸಬೇಕು” ಎಂದ. ಪರಿಚಯದವರ ಕಡೆ ತಾನೇ ಕರೆದುಕೊಂಡು ಹೋಗುತ್ತಾನಂತೆ, ನಾನು ಶಾಲೆ ಬಿಟ್ಟು ಬರುವ ತೊಂದರೆ ಬೇಡವಂತೆ. ಆಟೋದಲ್ಲಿ ಕೂರಿಸಿಕೊಂಡು ಹೋದ. ಮಧ್ಯಾಹ್ನ ನನ್ನ ಮೊಬೈಲಿಗೆ ಎಕ್ಸ್-ರೇ ಚಿತ್ರ ಬಂತು, ಒಂದು ಬೆರಳಿನ ಸುತ್ತ ಕೆಂಪು ವೃತ್ತ ಎಳೆದು. ಕೆಳಗೆ ಬರಹ: “ಮೂಳೆ ಕೊಳೆಯುತ್ತಿದೆ. ಬೆರಳು ತೆಗೆಯದಿದ್ದರೆ ಕಾಲು ಹೋಗುತ್ತದೆ. ಶಸ್ತ್ರಚಿಕಿತ್ಸೆಗೆ 9,000. ಮುಂಗಡ 2,000 ಈಗಲೇ ಹಾಕಿ, ಡಾಕ್ಟರ ಸಮಯ ಹಿಡಿಯಬೇಕು.” ಎಕ್ಸ್-ರೇಗೆ ಬೇರೆ 1,800. ಸಿಬ್ಬಂದಿ ಕೋಣೆಯಲ್ಲಿ ಕಣ್ಣೀರು ಒರೆಸಿಕೊಳ್ಳುತ್ತ 3,800 ಹಾಕಿದೆ.

ಬೆರಳು ಉಳಿದದ್ದು ನನ್ನ ಮಗಳಿಂದ. ಕಾಲೇಜಿನಿಂದ ಬಂದವಳು ಪಟ್ಟಿಯ ಮೇಲಿನ ಭಾಗ ಬಾತಿರುವುದನ್ನು ನೋಡಿ, ಕತ್ತರಿಸುವ ಮುಂಚೆ ಇನ್ನೊಬ್ಬರಿಗೆ ತೋರಿಸಲೇಬೇಕು ಎಂದು ಹಟ ಹಿಡಿದಳು. ಧಾರವಾಡದಲ್ಲಿ ಒಬ್ಬ ಪಶುವೈದ್ಯೆ ಇದ್ದಾರೆ ಎಂದು ಅವಳ ಗೆಳತಿ ಹೇಳಿದ್ದಳಂತೆ. ಹೋದೆವು.

ಇನ್ನು ಮುಂದಿನದನ್ನು ಬರೆಯಲು ಈಗಲೂ ಮುಖ ಬಿಸಿಯಾಗುತ್ತದೆ. ವೈದ್ಯೆ ಮೊದಲು ಪಟ್ಟಿ ಕತ್ತರಿಸಿದರು. ಬೆರಳುಗಳು ಬದನೆಕಾಯಿಯಂತೆ ಊದಿದ್ದವು. ಬಿಗಿ ಕಟ್ಟಿದ್ದೇ ಕಾರಣ, ರಕ್ತ ಹಿಂದಕ್ಕೆ ಹರಿಯದೆ ಹೀಗಾಗಿದೆ ಎಂದರು. ನಾನು ಮೊಬೈಲ್ ಮುಂದೆ ಹಿಡಿದು ಎಕ್ಸ್-ರೇ ತೋರಿಸಿದೆ. ಅವರು ನೋಡಿದರು. ಚಿಗರಿಯ ಕಾಲು ನೋಡಿದರು. ಮತ್ತೆ ಮೊಬೈಲ್ ನೋಡಿದರು.

“ಗಾಯ ಯಾವ ಕಾಲಿಗೆ ಆಗಿದೆ?”

“ಇದೇ, ಬಲ ಮುಂಗಾಲು.”

“ಇದು ಹಿಂಗಾಲಿನ ಚಿತ್ರ ಅಮ್ಮಾ. ಇಲ್ಲಿ ಮೇಲೆ ಹಿಮ್ಮಡಿಯ ಮೂಳೆ ಕಾಣುತ್ತಿದೆ ನೋಡಿ. ಅದೂ ನಿಮ್ಮ ನಾಯಿಯದಲ್ಲ. ಮೂಳೆಗಳ ತುದಿ ಇನ್ನೂ ಕೂಡಿಕೊಂಡಿಲ್ಲ, ಇದು ಯಾವುದೋ ಮರಿಯ ಕಾಲು.”

ಹಿಂಗಾಲು! ಯಾರದೋ ಮರಿಯ ಹಿಂಗಾಲು! ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವಳು. ಮೂಳೆಗೂಡಿನ ಚಿತ್ರ ಬಿಡಿಸಿ ಭಾಗಗಳನ್ನು ಹೆಸರಿಸಿ ಎಂದು ಪ್ರಶ್ನೆಪತ್ರಿಕೆ ತೆಗೆಯುವವಳು. ಕೆಂಪು ವೃತ್ತದೊಳಗಿನ ಬೆರಳನ್ನು ಬಿಟ್ಟು ಒಂದು ಅಂಗುಲ ಮೇಲೆ ಕಣ್ಣು ಹಾಯಿಸದಂತೆ ನನ್ನನ್ನು ಕಟ್ಟಿಹಾಕಿದ್ದ ಅವನು. ವೃತ್ತ ಎಳೆಯುವುದೇ ಅದಕ್ಕೆ. ಹೆದರಿದವರು ವೃತ್ತದ ಆಚೆ ನೋಡುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ವೈದ್ಯೆ ಇನ್ನೊಂದು ಮಾತು ಹೇಳಿದರು, ಅದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ. ಉಗುರು ಕಿತ್ತು ಮೂಳೆಗೆ ನಿಜವಾಗಿ ಸೋಂಕು ಹತ್ತಿದರೂ ಅದು ಎಕ್ಸ್-ರೇಯಲ್ಲಿ ಕಾಣಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಮರುದಿನವೇ ‘ಮೂಳೆ ಕೊಳೆತಿದೆ’ ಎಂದು ಚಿತ್ರ ತೋರಿಸುವವನು ಸುಳ್ಳು ಹೇಳುತ್ತಿದ್ದಾನೆ, ಅಷ್ಟೇ. ಬೆರಳು ತೆಗೆಯುವ ಪ್ರಸಂಗ ಇಲ್ಲವೆಂದಲ್ಲ. ವಯಸ್ಸಾದ ನಾಯಿಯ ಉಗುರಿನ ಬುಡದಲ್ಲಿ ಗಡ್ಡೆ ಬೆಳೆದಾಗ, ಔಷಧಕ್ಕೂ ಬಗ್ಗದ ಮೂಳೆ ಸೋಂಕು ಇದ್ದಾಗ ತೆಗೆಯುತ್ತಾರೆ. ಗಡ್ಡೆಯಾದರೆ ತುಣುಕನ್ನು ಪರೀಕ್ಷೆಗೂ ಕಳುಹಿಸುತ್ತಾರೆ. ಅಪಘಾತದಲ್ಲಿ ಒಂದು ಉಗುರು ಕಿತ್ತ ಮೂರು ವರ್ಷದ ನಾಯಿಗೆ ಮರುದಿನವೇ ಅಲ್ಲ. ಏನೂ ಪೆಟ್ಟು ಬೀಳದೆ ಒಂದಾದ ಮೇಲೊಂದು ಉಗುರು ಉದುರುತ್ತಿದ್ದರೆ ಅದು ಬೇರೆಯೇ ಕಾಯಿಲೆ, ಅದಕ್ಕೆ ಬೇರೆ ಪರೀಕ್ಷೆ.

ಅಲ್ಲಿಯೇ ಚಿಗರಿಯ ಮುಂಗಾಲಿನ ಎಕ್ಸ್-ರೇ ಆಯಿತು. ಮೂಳೆ ಸರಿಯಾಗಿತ್ತು. ಇಕ್ಕಳದಿಂದ ಕಿತ್ತಾಗ ಒಳಗೇ ಉಳಿದಿದ್ದ ಉಗುರಿನ ಚೂರೊಂದು ಸಿಕ್ಕಿತು. ಮಂಪರು ಬರಿಸಿ, ಬೆರಳಿಗೆ ಮರಗಟ್ಟುವ ಮದ್ದು ಕೊಟ್ಟು ಅದನ್ನು ತೆಗೆದರು. ಆ ಚುಚ್ಚುಮದ್ದು ಏನಿತ್ತು ಎಂದು ಅವರು ಕೇಳಿದರು, ಏಕೆಂದರೆ ಅದರ ಮೇಲೆ ಇನ್ನೊಂದು ನೋವಿನ ಔಷಧ ಕೊಡಬಹುದೇ ಬೇಡವೇ ತಿಳಿಯಬೇಕಲ್ಲ. ನನ್ನ ಬಳಿ ಉತ್ತರ ಇರಲಿಲ್ಲ. ಅವನ ಚೀಟಿಯಲ್ಲಿ ‘ಇಂಜೆಕ್ಷನ್’ ಎಂದಷ್ಟೇ ಗೀಚಿತ್ತು. ಹೀಗಾಗಿ ನೋವಿನ ಔಷಧವನ್ನು ತಡೆದು ಕೊಡಬೇಕಾಯಿತು. ಆ ನೋವನ್ನು ಅನುಭವಿಸಿದ್ದು ಮಾತು ಬಾರದ ನಾಯಿ. ಎಲ್ಲ ಸೇರಿ ಅಲ್ಲಿ ಖರ್ಚಾದದ್ದು ಇವನು ಕಿತ್ತುಕೊಂಡದ್ದರ ಅರ್ಧಕ್ಕಿಂತ ಕಡಿಮೆ.

ಈಗ ಅವನ ಉತ್ತರಗಳನ್ನು ಓದಿ. ಎಲ್ಲವೂ ನನ್ನ ಮೊಬೈಲಿನಲ್ಲಿವೆ.

ಹಿಂಗಾಲಿನ ಚಿತ್ರ ಏಕೆ ಕಳುಹಿಸಿದಿರಿ ಎಂದು ಕೇಳಿದ್ದಕ್ಕೆ ಮೊದಲ ಉತ್ತರ: “ಮೂಳೆ ಎಲ್ಲ ಒಂದೇ ಅಕ್ಕಾವರೇ. ಮುಂದಿನದಾದರೇನು, ಹಿಂದಿನದಾದರೇನು?” ಇದಕ್ಕೆ ಏನು ಹೇಳಬೇಕು, ನೀವೇ ಹೇಳಿ.

ಇದು ಮರಿಯ ಕಾಲು ಎಂದಾಗ: “ಲ್ಯಾಬಿನ ಹುಡುಗ ಬೇರೆ ಫೋಟೋ ಕಳುಹಿಸಿರಬೇಕು. ಆದರೆ ನಿಮ್ಮ ನಾಯಿಯದೂ ಹೀಗೆಯೇ ಇತ್ತು, ನಾನು ಕಣ್ಣಾರೆ ನೋಡಿದ್ದೇನೆ.” ಯಾವ ಲ್ಯಾಬು, ವಿಳಾಸ ಕೊಡಿ ಎಂದೆ. ಅದಕ್ಕೆ ಎರಡು ಕೈಮುಗಿದ ಚಿತ್ರ ಬಂತು.

ನೋಂದಣಿ ಸಂಖ್ಯೆ ಕೇಳಿದೆ. ಅಲ್ಲಿಂದ ನಾನು ಅಕ್ಕಾವರಲ್ಲ, ಮೇಡಂ ಆದೆ. “ಮೇಡಂ, ನಾನು ಡಾಕ್ಟರ್ ಎಂದು ಬಾಯಿಬಿಟ್ಟು ಹೇಳಿದ್ದೇನೆಯೇ? ಚೀಟಿಯ ಮೇಲೆ ‘ಡಾ.’ ಎಂದು ಹಾಕಿದ್ದು ಪ್ರಿಂಟಿಂಗ್ ಪ್ರೆಸ್ಸಿನವರು.” ಪ್ರೆಸ್ಸಿನವರಂತೆ! ಅವರೇ ಬಂದು ಇಕ್ಕಳವನ್ನೂ ಹಿಡಿದಿರಬೇಕು.

ಮುಂಗಡ ವಾಪಸ್ ಕೊಡಿ ಎಂದೆ. “ಡಾಕ್ಟರ ಸಮಯ ಹಿಡಿದಾಗಿದೆ, ಅವರು ಕೊಡುವುದಿಲ್ಲ.” ಯಾವ ಡಾಕ್ಟರು? ಉತ್ತರ ಇಲ್ಲ. ಸಂಜೆ ಮತ್ತೆ ಕೇಳಿದೆ. “ಬೆರಕೆ ನಾಯಿಗೆ ಇಷ್ಟೊಂದು ಯಾಕೆ ಮೇಡಂ, ಜಾತಿ ನಾಯಿಯಾಗಿದ್ದರೆ ಒಂದು ಮಾತು.” ಆಮೇಲೆ ನನ್ನ ನಂಬರನ್ನು ತಡೆಹಿಡಿದ. ನಮ್ಮ ಭಾವನವರ ಫೋನಿನಿಂದ ಕರೆ ಮಾಡಿದಾಗ ಮೊದಲ ಮಾತೇ “ಹೇಳಿ ಅಣ್ಣಾವರೇ, ನಾಯಿಗೆ ಏನಾಗಿದೆ?” ಎಂದು. ವಿಷಯ ಹೇಳಿದೊಡನೆ ಗಾಡಿ ಓಡಿಸುತ್ತಿದ್ದೇನೆ ಎಂದು ಇಟ್ಟುಬಿಟ್ಟ. ಅವನ ಜಾಹೀರಾತು ಇಂದಿಗೂ ಮೇಲೆಯೇ ಇದೆ.

ಮನೆಯಲ್ಲಿ ಆದ ಅವಮಾನ ಬೇರೆ. ಯಜಮಾನರು ಏನೂ ಅನ್ನಲಿಲ್ಲ, ಅನ್ನದೇ ಇರುವುದೇ ಹೆಚ್ಚು. ಅತ್ತೆಯವರಿಗೆ ಮಾತ್ರ ಚಹಾದ ಸಂಕಟ. ಏಲಕ್ಕಿ ಹಾಕಿ ಕೊಟ್ಟಿದ್ದೆ ಎಂದು ಈಗಲೂ ಬೈಯುತ್ತಾರೆ.

ಹಾಗಾದರೆ ಉಗುರು ಕಿತ್ತಾಗ ಏನು ಮಾಡಬೇಕು? ವೈದ್ಯೆ ಹೇಳಿದ್ದು ಇಷ್ಟೇ. ಸ್ವಚ್ಛ ಬಟ್ಟೆ ಒತ್ತಿ ಹಿಡಿಯಿರಿ, ಐದು-ಹತ್ತು ನಿಮಿಷ, ನಡುವೆ ಎತ್ತಿ ನೋಡಬೇಡಿ. ನಿಲ್ಲದಿದ್ದರೆ ಅಡುಗೆಮನೆಯ ಕಾರ್ನ್‌ಫ್ಲೋರನ್ನು ತುದಿಗೆ ಒತ್ತಿ. ಎಷ್ಟೇ ಸಾಧು ನಾಯಿಯಾದರೂ ನೋವಿನಲ್ಲಿ ಕಚ್ಚುತ್ತದೆ, ಉಸಿರಾಟಕ್ಕೆ ತೊಂದರೆಯಾಗದಂತೆ ಮೂತಿಗೆ ಮೆತ್ತನೆಯ ಬಟ್ಟೆ ಕಟ್ಟಿಕೊಳ್ಳಿ. ಜೋತಾಡುವ ಉಗುರನ್ನು ನೀವು ಎಳೆಯಬೇಡಿ, ಎಳೆಯಲು ಇಕ್ಕಳ ತೆಗೆದವನನ್ನು ಹೊರಗೆ ಹಾಕಿ. ಪಟ್ಟಿ ಸಡಿಲವಾಗಿರಬೇಕು, ದಿನಾಲೂ ಬಿಚ್ಚಿ ನೋಡಬೇಕು. ಬಾವು ಬಂದರೆ, ವಾಸನೆ ಬಂದರೆ, ಒದ್ದೆಯಾದರೆ ಆಗಲೇ ತೆಗೆಯಬೇಕು. ಹೊರಗೆ ಒಯ್ಯುವಾಗ ಪ್ಲಾಸ್ಟಿಕ್ ಚೀಲ ಕಟ್ಟಿ, ಒಳಗೆ ಬಂದೊಡನೆ ಬಿಚ್ಚಿ. ಈ ಮಳೆಯಲ್ಲಿ ನಮ್ಮ ಎರೆಮಣ್ಣಿನ ಕೆಸರು ಹತ್ತಿದರೆ ಬಿಡಿಸುವುದೇ ಕಷ್ಟ, ತೆರೆದ ಗಾಯದ ಮೇಲೆ ನೊಣ ಕೂತರೆ ಹುಳುವಾಗುತ್ತದೆ. ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್ ಹಾಕಿ. ಚಿಗರಿ ಅದನ್ನು ಹಾಕಿಕೊಂಡು ಎಲ್ಲ ಬಾಗಿಲಿಗೂ ಡಿಕ್ಕಿ ಹೊಡೆಯುತ್ತಿದೆ, ಹೊಡೆಯಲಿ. ಗಾಯದ ಮೆತ್ತನೆಯ ಭಾಗ ಕೆಲವು ದಿನಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ, ಉಗುರು ಪೂರ್ತಿ ಬೆಳೆಯಲು ತಿಂಗಳುಗಳೇ ಬೇಕಂತೆ, ಸ್ವಲ್ಪ ಸೊಟ್ಟಗೆ ಬಂದರೂ ಬರಬಹುದಂತೆ.

ಬಂದವನು ಯಾರೇ ಆಗಲಿ, ಚೀಲ ಬಿಚ್ಚುವ ಮೊದಲೇ ನೋಂದಣಿ ಸಂಖ್ಯೆ ಕೇಳಿ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಕಾಯ್ದೆಯ ಪ್ರಕಾರ ನೋಂದಾಯಿತ ಪಶುವೈದ್ಯರಲ್ಲದವರು ಪ್ರಾಣಿಗಳಿಗೆ ಹೀಗೆ ವೈದ್ಯಕೀಯ ಮಾಡುವಂತಿಲ್ಲ. ನಿಜವಾದ ವೈದ್ಯರು ಸಂಖ್ಯೆ ಕೇಳಿದರೆ ಸಿಟ್ಟಾಗುವುದಿಲ್ಲ. ಚುಚ್ಚುಮದ್ದಿನ ಬಾಟಲಿಯ ಫೋಟೋ ತೆಗೆದುಕೊಳ್ಳಿ. ನಾಯಿಯನ್ನು ಒಬ್ಬನ ಕೈಯಲ್ಲಿ ಕೊಟ್ಟು ಎಲ್ಲಿಗೂ ಕಳುಹಿಸಬೇಡಿ. ಬೆರಳು, ಕಾಲು ಎಂಬ ಮಾತು ಬಂದರೆ ಇನ್ನೊಬ್ಬರಿಗೆ ತೋರಿಸಿ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ದೂರವೇನಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿದ್ದೇನೆ, ರಾಜ್ಯದ ಪಶುವೈದ್ಯಕೀಯ ಪರಿಷತ್ತಿಗೆ ಚೀಟಿಯ ಪ್ರತಿಯೊಂದಿಗೆ ದೂರು ಬರೆದಿದ್ದೇನೆ. ಒಬ್ಬಳ ದೂರಾದರೆ ‘ಲ್ಯಾಬಿನ ಹುಡುಗನ ತಪ್ಪು’ ಎಂದು ಜಾರಿಕೊಳ್ಳುತ್ತಾನೆ. ಆ ಕೆಂಪು ವೃತ್ತದ ಎಕ್ಸ್-ರೇ ಈ ಊರಿನಲ್ಲಿ ನನ್ನೊಬ್ಬಳ ಮೊಬೈಲಿಗೇ ಬಂದಿರಲಾರದು. ನಿಮ್ಮ ಬಳಿಯೂ ಅದೇ ಚಿತ್ರ ಇದ್ದರೆ ಅಳಿಸಬೇಡಿ, ‘ಡಾ.’ ಎಂದು ಅಚ್ಚಾದ ಚೀಟಿ ಇದ್ದರೆ ಎಸೆಯಬೇಡಿ. ನನಗೆ ಬೇಕು.