ಲಗುನಾ ಸೆಕಾಗೆ ಮೂರು ದಾರಿ: 101, 17, ಇಲ್ಲ ಕಡಲ ಪಕ್ಕದ ಹೈವೇ 1?

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ನಮ್ಮ ಮನೆಯಿಂದ ಲಗುನಾ ಸೆಕಾ ರೇಸ್ ಟ್ರ್ಯಾಕ್‌ಗೆ ಮೂರು ಸಲ ಹೋಗಿದ್ದೇನೆ, ಮೂರು ಸಲವೂ ಬೇರೆ ಬೇರೆ ದಾರಿಯಲ್ಲಿ. ರೇಸ್ ನೋಡಲು ಹೊರಟ ಗೆಳೆಯರು ಮೊದಲು ಕೇಳುವುದು ಟಿಕೆಟ್ ಬಗ್ಗೆ. ನಾನು ಹೇಳುವುದು, ಮೊದಲು ದಾರಿ ತೀರ್ಮಾನ ಮಾಡಿ ಅಂತ. ಟ್ರ್ಯಾಕ್ ಇರುವುದು ಮಾಂಟೆರೇ ಹತ್ತಿರ, ಕಡಲಿನಿಂದ ಕೆಲವೇ ಮೈಲಿ ಒಳಗೆ. ಅಷ್ಟು ಹತ್ತಿರ ಹೋಗಿ ಕಡಲನ್ನೇ ನೋಡದೆ ವಾಪಸ್ ಬಂದವನು ನಾನು, ಮೊದಲನೇ ಸಲ.

ಅದು ಹೈವೇ 101ರ ದಾರಿ. ಮೇ ತಿಂಗಳ ಇಮ್ಸಾ ರೇಸ್ (ಅಮೆರಿಕದ ಸ್ಪೋರ್ಟ್ಸ್ ಕಾರುಗಳ ರೇಸ್ ಸರಣಿ), ಭಾನುವಾರ ಬೆಳಗ್ಗೆ ಐದೂವರೆಗೆ ಹೊರಟೆ. ಸುಮಾರು 75 ಮೈಲಿ. ಸ್ಯಾನ್ ಹೋಸೆ, ಮಾರ್ಗನ್ ಹಿಲ್, ಗಿಲ್ರಾಯ್, ಸಲೀನಾಸ್, ಅಲ್ಲಿಂದ ಹೈವೇ 68 ಹಿಡಿದರೆ ಟ್ರ್ಯಾಕ್. ಅಷ್ಟು ಬೇಗ ಹೊರಟಿದ್ದರಿಂದ ಒಂದೂವರೆ ಗಂಟೆಯೊಳಗೆ 68ಕ್ಕೆ ತಲುಪಿದ್ದೆ. ಆದರೆ 68ರಲ್ಲಿ ಬಹುಪಾಲು ಆ ಕಡೆಗೊಂದು, ಈ ಕಡೆಗೊಂದು ಲೇನ್ ಅಷ್ಟೇ, ರೇಸ್ ದಿನ ಎಲ್ಲರೂ ಅದೇ ಗೇಟಿಗೆ ಬರುತ್ತಾರೆ, ಕೊನೆಯ ಎರಡು ಮೈಲಿ ತೆವಳಿಕೊಂಡು ಹೋದೆ. ದಾರಿಯಲ್ಲಿ ನೋಡುವುದು ಜಾಸ್ತಿ ಏನಿಲ್ಲ. ಹೊಲ, ಗುಡ್ಡ, ಗಿಲ್ರಾಯ್‌ನ ಬೆಳ್ಳುಳ್ಳಿ ವಾಸನೆ. ಬೇಗ ತಲುಪಬೇಕು ಅನ್ನುವವರಿಗೆ ಇದೇ ಸರಿ.

ಎರಡನೇ ಸಲ ಹೈವೇ 17. ಜುಲೈ, ಬೈಕ್ ರೇಸ್, ಶನಿವಾರ. ಸಮಯವೂ ಉಳಿಯುತ್ತದೆ, ಕಡಲೂ ಸಿಗುತ್ತದೆ ಅಂತ ತುಂಬಾ ಜನ ಈ ದಾರಿ ಹೇಳುತ್ತಾರೆ. ನನಗೆ ಎರಡೂ ಸಿಗಲಿಲ್ಲ. ಲಾಸ್ ಗ್ಯಾಟೋಸ್‌ನಿಂದ ಸಾಂತಾ ಕ್ರೂಜ್‌ವರೆಗಿನ ಘಾಟಿ ಚೆನ್ನಾಗಿದೆ, ಎರಡೂ ಬದಿ ಎತ್ತರದ ಮರಗಳು, ತಿರುವಿನ ಮೇಲೆ ತಿರುವು. ಆದರೆ ತಿರುವು ಕಿರಿದು, ಹಿಂದಿನ ಕಾರು ಬಾಲಕ್ಕೇ ಅಂಟಿಕೊಂಡಿರುತ್ತದೆ, ಓಡಿಸುವವನಿಗೆ ಆಚೆ ಈಚೆ ನೋಡಲು ಬಿಡುವೇ ಇಲ್ಲ. ಹಿಂದೆ ಕೂತಿದ್ದ ಮಗಳಿಗೆ ಶಿಖರ ದಾಟುವ ಮೊದಲೇ ವಾಂತಿ. ಮೇಲಾಗಿ ಬಿಸಿಲಿನ ಶನಿವಾರ ಅರ್ಧ ಸಿಲಿಕಾನ್ ವ್ಯಾಲಿ ಬೀಚಿಗೆ ಹೊರಟಿರುತ್ತದೆ. ಸಾಂತಾ ಕ್ರೂಜ್ ಆದ ಮೇಲೆ ಹೈವೇ 1 ಸಿಕ್ಕಿತು ಅಂತ ಖುಷಿಪಟ್ಟರೆ, ಆಪ್ಟೋಸ್ ದಾಟಿ ವಾಟ್ಸನ್‌ವಿಲ್‌ವರೆಗೂ ಅದು ಬರೀ ಫ್ರೀವೇ, ಕಡಲು ಕಾಣುವುದೇ ಇಲ್ಲ. ಆಮೇಲೆ ಸ್ಟ್ರಾಬೆರಿ ಹೊಲಗಳು. ಮಾಸ್ ಲ್ಯಾಂಡಿಂಗ್‌ನಲ್ಲಿ ವಿದ್ಯುತ್ ಸ್ಥಾವರದ ಎರಡು ದೊಡ್ಡ ಹೊಗೆ ಕೊಳವೆಗಳ ಹತ್ತಿರ ಮಾತ್ರ ಸ್ವಲ್ಪ ನೀರು ಕಂಡಿತು. ಮೊದಲ ಪ್ರಾಕ್ಟೀಸ್ ತಪ್ಪಿಹೋಯಿತು. ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಮೂರನೇ ಸಲ ಅದರ ಮರುವರ್ಷದ ಮೇ. ಊರಿಂದ ಭಾವ ಬಂದಿದ್ದರು, ಕುಂದಾಪುರದವರು. ರೇಸ್ ಅವರಿಗೆ ಹೊಸದು, ಕಡಲು ಹೊಸದಲ್ಲ. ಈ ಸಲ ರೇಸಿನ ದಿನ ಹೊರಡಲಿಲ್ಲ. ಶುಕ್ರವಾರ ಒಂಬತ್ತಕ್ಕೆ, ಚಿತ್ರಾನ್ನ, ಮೊಸರನ್ನ, ಎರಡು ಕಂಬಳಿ ಹಾಕಿಕೊಂಡು ಹೊರಟೆವು. 280, ಆಮೇಲೆ 92, ಗುಡ್ಡ ಇಳಿದರೆ ಹಾಫ್ ಮೂನ್ ಬೇ. ಅಲ್ಲಿಂದ ಸಾಂತಾ ಕ್ರೂಜ್‌ಗೆ ಸುಮಾರು 50 ಮೈಲಿ, ಊರುಗಳು ಕಡಿಮೆ, ಪೆಟ್ರೋಲ್ ಬಂಕ್ ಕಡಿಮೆ, ಫೋನ್ ಸಿಗ್ನಲ್ಲೂ ಅಷ್ಟಕ್ಕಷ್ಟೇ. ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ.

ಈ 50 ಮೈಲಿಗಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿರುವುದು. ಒಂದು ಕಡೆ ಹಸಿರು ಗುಡ್ಡ, ಇನ್ನೊಂದು ಕಡೆ ಕಡಿದಾದ ದಿಬ್ಬ, ಕೆಳಗೆ ಬಿಳಿ ನೊರೆ. ದಕ್ಷಿಣಕ್ಕೆ ಹೋಗುವಾಗ ಕಡಲು ನಮ್ಮ ಬಲಕ್ಕೆ ಇರುತ್ತದೆ, ಇಲ್ಲಿ ಕಾರು ಓಡುವುದೂ ರಸ್ತೆಯ ಬಲಕ್ಕೇ, ಹಾಗಾಗಿ ಚೆಂದ ಕಂಡಲ್ಲೆಲ್ಲ ಹಾಗೇ ಪಕ್ಕಕ್ಕೆ ಸರಿದು ನಿಲ್ಲಿಸಬಹುದು. ವಾಪಸ್ ಬರುವಾಗ ಎದುರಿನ ಲೇನ್ ದಾಟಬೇಕು, ಎದುರಿನ ಗಾಡಿಗಳು 55 ಮೈಲಿ ವೇಗದಲ್ಲಿ ಬರುತ್ತಿರುತ್ತವೆ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಈ ರಸ್ತೆಯಲ್ಲಿ ಹೋಗುವಾಗಿನ ಸುಖ ಬರುವಾಗ ಇಲ್ಲ.

ಪಿಜನ್ ಪಾಯಿಂಟ್ ಲೈಟ್‌ಹೌಸ್ ಹತ್ತಿರ ನಿಲ್ಲಿಸಿ ಚಿತ್ರಾನ್ನ ತಿಂದೆವು. 1872ರದು, 115 ಅಡಿ ಎತ್ತರ. ಗಾಳಿ ಎಷ್ಟಿತ್ತೆಂದರೆ ಪೇಪರ್ ತಟ್ಟೆ ಒಂದು ಕೈಯಲ್ಲಿ ಹಿಡಿದುಕೊಂಡೇ ತಿನ್ನಬೇಕಾಯಿತು. ಇದು ನಮ್ಮ ಮರವಂತೆ ಹಾಗೇ ಅಲ್ವಾ ಭಾವ ಅಂದೆ. ಅವರು ಸ್ವಲ್ಪ ಹೊತ್ತು ನೋಡಿ, "ಇಲ್ಲ ಮಾರಾಯ, ಮರವಂತೆಯಲ್ಲಿ ಕಡಲು ರಸ್ತೆಯ ಮಟ್ಟಕ್ಕೇ ಇದೆ, ಕಾರಿಂದ ಇಳಿದರೆ ಕಾಲು ಒದ್ದೆ. ಇಲ್ಲಿ ಮೇಲಿಂದ ನೋಡಬೇಕು, ಇಳಿಯುವ ಧೈರ್ಯ ಬರುವುದಿಲ್ಲ" ಅಂದರು. ಸರಿಯಾದ ಮಾತು. ವಡೆಲ್ ಬೀಚಿನಲ್ಲಿ ದೊಡ್ಡ ಗಾಳಿಪಟ ಹಿಡಿದು ಅಲೆ ಮೇಲೆ ಹಾರುವವರನ್ನು ಅರ್ಧ ಗಂಟೆ ನೋಡುತ್ತಾ ನಿಂತರು, ಹೊರಡಿ ಅಂದರೂ ಬರಲಿಲ್ಲ.

ಒಟ್ಟು 120 ಮೈಲಿ ಹತ್ತಿರ, ನಮಗೆ ಏಳು ಗಂಟೆ ಹಿಡಿಯಿತು. ನಿಲ್ಲಿಸದೆ ಹೋದರೆ ಮೂರು ಗಂಟೆ ಸಾಕಾಗಬಹುದು, ಆದರೆ ಹಾಗೆ ಹೋಗುವುದಾದರೆ ಸುಮ್ನೆ 101ರಲ್ಲೇ ಹೋಗಿ. ಇನ್ನೊಂದು ವಿಷಯ, ಮಂಜು. ಜೂನ್‌ನಿಂದ ಆಗಸ್ಟ್‌ವರೆಗೆ ಈ ಕರಾವಳಿಯಲ್ಲಿ ಎಷ್ಟೋ ದಿನ ಮಧ್ಯಾಹ್ನದವರೆಗೂ ಮುಂದಿನ ಕಾರಿನ ಕೆಂಪು ದೀಪ ಬಿಟ್ಟು ಬೇರೇನೂ ಕಾಣುವುದಿಲ್ಲ. ಆಗಸ್ಟ್‌ನ ಹಳೇ ಕಾರುಗಳ ರೇಸಿಗೆ ಹೋಗುವವರು ತಡವಾಗಿ ಹೊರಡುವುದೇ ಒಳ್ಳೆಯದು.

ರಾತ್ರಿ ಟ್ರ್ಯಾಕ್ ಪಕ್ಕದ ಗುಡ್ಡದ ಮೇಲಿನ ಕ್ಯಾಂಪ್‌ನಲ್ಲೇ ಟೆಂಟ್ ಹಾಕಿದೆವು. ಚಳಿ ನಡುಗಿಸಿತು, ಎರಡು ಕಂಬಳಿ ಸಾಲಲಿಲ್ಲ. ಆದರೆ ಬೆಳಗ್ಗೆ ಟ್ರಾಫಿಕ್ ಚಿಂತೆಯೇ ಇಲ್ಲ, ಎಂಜಿನ್ ಸದ್ದಿಗೇ ಎಚ್ಚರ, ಅಲ್ಲಿಂದ ನಡೆದುಕೊಂಡೇ ಕಾರ್ಕ್‌ಸ್ಕ್ರೂ ತಿರುವಿಗೆ. ಲಗುನಾ ಸೆಕಾ ಅಂದರೆ ಸ್ಪ್ಯಾನಿಷ್‌ನಲ್ಲಿ ಒಣ ಕೆರೆ. ಮೊದಲು ರೇಸ್ ನಡೆಯುತ್ತಿದ್ದುದು ಕಡಲ ಹತ್ತಿರದ ಪೆಬಲ್ ಬೀಚ್‌ನ ಕಾಡಿನ ರಸ್ತೆಗಳಲ್ಲಿ. 1956ರಲ್ಲಿ ಅರ್ನಿ ಮ್ಯಾಕಫಿ ಅವರ ಫೆರಾರಿ ಮರಕ್ಕೆ ಬಡಿದು ಅವರು ತೀರಿಕೊಂಡ ಮೇಲೆ ಅದು ನಿಂತಿತು, 1957ರಲ್ಲಿ ಈ ಟ್ರ್ಯಾಕ್ ಶುರುವಾಯಿತು. 2.238 ಮೈಲಿ, 11 ತಿರುವು. ಕಾರ್ಕ್‌ಸ್ಕ್ರೂನಲ್ಲಿ 450 ಅಡಿ ದೂರದೊಳಗೆ ರಸ್ತೆ 59 ಅಡಿ ಕೆಳಗೆ ಬೀಳುತ್ತದೆ, ಮೊದಲು ಎಡಕ್ಕೆ, ತಕ್ಷಣ ಬಲಕ್ಕೆ. 2008ರ ಮೋಟೋಜಿಪಿ ಬೈಕ್ ರೇಸಿನಲ್ಲಿ ರೊಸ್ಸಿ ಇಲ್ಲೇ ಮಣ್ಣಿಗಿಳಿದು ಸ್ಟೋನರ್‌ನನ್ನು ಹಿಂದೆ ಹಾಕಿದ್ದನ್ನು ಬೆಂಗಳೂರಿನ ರೂಮಿನಲ್ಲಿ ಟಿವಿಯಲ್ಲಿ ನೋಡಿದ್ದೆ. ಟಿವಿಯಲ್ಲಿ ಆ ಇಳಿಜಾರು ಗೊತ್ತೇ ಆಗುವುದಿಲ್ಲ. ಬೇಲಿ ಪಕ್ಕ ನಿಂತರೆ ಕಾರು ಗುಡ್ಡದ ತುದಿಗೆ ಬಂದು ಒಮ್ಮೆಲೇ ಮಾಯವಾಗಿ ಕೆಳಗೆ ಕಾಣಿಸಿಕೊಳ್ಳುತ್ತದೆ. ಭಾವ ಮೊದಲ ಕಾರು ನೋಡಿ ನನ್ನ ತೋಳು ಹಿಡಿದುಕೊಂಡರು.

ಹಾಗಾಗಿ ಈಗ ನಮ್ಮ ಮನೆಯಲ್ಲಿ ಒಂದೇ ಲೆಕ್ಕ. ಹೋಗುವಾಗ ಹೈವೇ 1, ಒಂದು ದಿನ ಮೊದಲೇ. ಬರುವಾಗ 101, ಎಲ್ಲರೂ ದಣಿದಿರುತ್ತಾರೆ, ಕತ್ತಲಲ್ಲಿ ಕಡಲು ಕಾಣುವುದೂ ಇಲ್ಲ. ರಜೆ ಸಿಗದೆ ಭಾನುವಾರ ಮಾತ್ರ ಹೋಗುವವರಿಗೆ ಎರಡೂ ಕಡೆ 101, ಆದರೆ ಐದಕ್ಕೇ ಹೊರಡಿ. ಮುಂದಿನ ಮೇಗೆ ಭಾವ ಮತ್ತೆ ಬರುತ್ತಾರಂತೆ, ನಾಲ್ಕು ಕಂಬಳಿ ಇಡು ಅಂತ ಈಗಲೇ ಹೇಳಿದ್ದಾರೆ.