ಸೆಕೆಂಡ್ ಹ್ಯಾಂಡ್ ಅಮೋಲೆಡ್ ಫೋನ್ ತೆಗೆದುಕೊಳ್ಳುವವರೇ, ಬೂದು ಬಣ್ಣ ಹಾಕಿ ನೋಡದೆ ದುಡ್ಡು ಕೊಡಬೇಡಿ

ಸೆಕೆಂಡ್ ಹ್ಯಾಂಡ್ ಫೋನ್ ತೆಗೆದುಕೊಳ್ಳುವ ಯೋಚನೆಯಲ್ಲಿ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮೈಸೂರಿನ ಒಂದು ಅಂಗಡಿಯವನು ಹದಿನೆಂಟು ಸಾವಿರ ತೆಗೆದುಕೊಂಡು ನನಗೆ ಡಿಸ್‌ಪ್ಲೇ ಸುಟ್ಟ ಫೋನ್ ಕಟ್ಟಿದ್ದಾನೆ. ಒಡೆದದ್ದಲ್ಲ, ಗೆರೆ ಬಂದದ್ದಲ್ಲ. ಬರ್ನ್ ಇನ್ ಅಂತಾರಲ್ಲ, ಒಂದೇ ಚಿತ್ರ ಬಹಳ ಕಾಲ ಇದ್ದು ಅದರ ಗುರುತು ಪರದೆಯಲ್ಲಿ ಉಳಿದುಬಿಡುವುದು, ಅದು. ಅವನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಕೊಟ್ಟ. ನನಗೆ ಉರಿಯುತ್ತಿರುವುದು ಅದಕ್ಕೇ.

ಫೋನ್ ತೆಗೆದುಕೊಂಡದ್ದು ತಂಗಿಗೆ. ಈ ವರ್ಷ ಡಿಗ್ರಿ ಸೇರಿದ್ದಾಳೆ, ನೋಟ್ಸ್ ಎಲ್ಲ ಪಿಡಿಎಫ್‌ನಲ್ಲೇ ಕೊಡುತ್ತಾರೆ. ಸ್ವಲ್ಪ ದೊಡ್ಡ, ಒಳ್ಳೆ ಡಿಸ್‌ಪ್ಲೇ ಇರಲಿ ಅಂತ ಅಮೋಲೆಡ್, ಅಂದರೆ ಚುಕ್ಕಿಗಳು ತಾವೇ ಬೆಳಗುವ ಜಾತಿಯ ಪರದೆ, ಇರುವುದನ್ನೇ ಹುಡುಕಿದೆ. ಅಂಗಡಿಯಲ್ಲಿ ನೋಡಿದಾಗ ಫೋನಿಗೆ ಒಂದು ಗೀರು ಇರಲಿಲ್ಲ. ಚಾರ್ಜಿಂಗ್ ಸರಿ, ಸ್ಪೀಕರ್ ಸರಿ, ಕ್ಯಾಮೆರಾ ಸರಿ. "ಸಿಂಗಲ್ ಓನರ್ ಸರ್. ಹೆಣ್ಮಕ್ಕಳು ಯೂಸ್ ಮಾಡಿರೋದು, ಮನೆ ಬಿಟ್ಟು ಆಚೆ ಹೋಗಿಲ್ಲ ಫೋನು" ಅಂದ. ಈ ಮಾತು ನೆನಪಿಟ್ಟುಕೊಳ್ಳಿ.

ವಾಲ್‌ಪೇಪರ್ ಕಪ್ಪು. ಡಾರ್ಕ್ ಮೋಡ್ ಆನ್. ಡಿಸ್‌ಪ್ಲೇ ಹೇಗಿದೆ ನೋಡಿ ಅಂತ ಅವನೇ ಯೂಟ್ಯೂಬ್‌ನಲ್ಲಿ ಬಣ್ಣಬಣ್ಣದ ವಿಡಿಯೊ ಹಾಕಿದ. ಕಡಲು, ಗಿಳಿ, ಹೂವು. ನಿಜ ಹೇಳಬೇಕಂದ್ರೆ ಕಣ್ಣಿಗೆ ಹಬ್ಬವಾಗಿತ್ತು. ಈಗ ಅರ್ಥ ಆಗುತ್ತಿದೆ. ಅಮೋಲೆಡ್‌ನಲ್ಲಿ ಕಪ್ಪು ಅಂದರೆ ಆ ಜಾಗದಲ್ಲಿ ಬೆಳಕೇ ಇಲ್ಲ, ಹಾಗಾಗಿ ಕಪ್ಪಿನಲ್ಲಿ ಕಲೆ ಕಾಣುವುದಿಲ್ಲ. ಓಡುವ ಚಿತ್ರದಲ್ಲಂತೂ ಕಣ್ಣು ನಿಲ್ಲುವುದೇ ಇಲ್ಲ. ಇದೆಲ್ಲ ಸುಮ್ನೆ ಆದದ್ದಲ್ಲ. ಬೇಕಂತಲೇ ಮಾಡಿದ್ದು.

ಮನೆಗೆ ತಂದು ಕೊಟ್ಟೆ. ತಂಗಿ ಖುಷಿಯಲ್ಲಿ ಎಲ್ಲರಿಗೂ ತೋರಿಸಿ ಆಯಿತು. ಆಮೇಲೆ ಓದುತ್ತಾ ಕೂತವಳು, "ಅಣ್ಣಾ, ಈ ಪೇಜ್ ಮೇಲೆ ಏನೋ ಬರೆದಂಗಿದೆ ನೋಡು" ಅಂದಳು. ಬೆರಳಲ್ಲಿ ಪುಟ ಸರಿಸಿದಳು. ಅಕ್ಷರಗಳು ಮೇಲೆ ಹೋದವು. ಕಲೆ ಮಾತ್ರ ಇದ್ದಲ್ಲೇ ಇತ್ತು. ಬಟ್ಟೆಯಲ್ಲಿ ಒರೆಸಿದಳು. ಹೋಗಲಿಲ್ಲ. ಸ್ಕ್ರೀನ್ ಗಾರ್ಡ್ ಕಿತ್ತೆವು. ಆಗಲೂ ಹೋಗಲಿಲ್ಲ.

ಬೂದು ಬಣ್ಣದ ಖಾಲಿ ಚಿತ್ರವೊಂದನ್ನು ಇಡೀ ಪರದೆಗೆ ಹಾಕಿ, ಬ್ರೈಟ್‌ನೆಸ್ ಏರಿಸಿ ನೋಡಿದೆ. ಎಲ್ಲವೂ ಎದ್ದು ಬಂತು. ಕೆಳಗೆ ಮೂಲೆ ದುಂಡಗಿರುವ ಅಗಲವಾದ ಒಂದು ಬಟನ್ನು. ಅದರೊಳಗೆ ಇಂಗ್ಲಿಷಿನಲ್ಲಿ 'ಅರೈವ್ಡ್' (ತಲುಪಿದೆ) ಅನ್ನುವ ಪದ, ಓದುವಷ್ಟು ಸ್ಪಷ್ಟವಾಗಿ. ಮೇಲೆ ಟವರ್ ಕಡ್ಡಿ, ಬ್ಯಾಟರಿ ಗುರುತು. ಎಲ್ಲ ಮಾಸಲು ಹಳದಿ ಬಣ್ಣದಲ್ಲಿ. ಇದು ಕ್ಯಾಬ್ ಅಥವಾ ಡೆಲಿವರಿ ಕೆಲಸಕ್ಕೆ ಬಳಸುವ ಆ್ಯಪ್. ಹ್ಯಾಂಡಲ್‌ಗೋ ಡ್ಯಾಶ್‌ಬೋರ್ಡ್‌ಗೋ ಸಿಕ್ಕಿಸಿ, ಬಿಸಿಲಿಗೆ ಕಾಣಲಿ ಅಂತ ಬ್ರೈಟ್‌ನೆಸ್ ಪೂರ್ತಿ ಇಟ್ಟು, ದಿನವಿಡೀ ಓಡಿಸಿದ ಫೋನು. ದುಡಿಯುವವರ ಫೋನ್ ಸವೆಯುವುದು ಸಹಜ, ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಮನೆ ಬಿಟ್ಟು ಆಚೆ ಹೋಗಿಲ್ಲ ಅಂದನಲ್ಲ, ಅವನ ಮೇಲೆ ಸಿಟ್ಟು. ತಂಗಿ ಮುಖ ಸಣ್ಣದಾಯಿತು. "ಪರವಾಗಿಲ್ಲ ಬಿಡಣ್ಣ" ಅಂದಳು. ಅದು ಇನ್ನೂ ಜಾಸ್ತಿ ಚುಚ್ಚಿತು.

ಈಗ ಅಂಗಡಿಯವನ ಉತ್ತರಗಳನ್ನು ಕೇಳಿ.

ಮೊದಲನೆಯದು: "ಸಾಫ್ಟ್‌ವೇರ್ ಪ್ರಾಬ್ಲಂ ಸರ್, ಅಪ್‌ಡೇಟ್ ಹಾಕಿ ಹೋಗುತ್ತೆ." ಹಾಕಿದೆ. ಹೋಗಲಿಲ್ಲ. "ಹಾಗಾದ್ರೆ ರೀಸೆಟ್ ಹೊಡೀರಿ." ಹೊಡೆದೆ. ಹೋಗಲಿಲ್ಲ. ಹೋಗುವುದೂ ಇಲ್ಲ. ಈ ಡಿಸ್‌ಪ್ಲೇಯಲ್ಲಿ ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ, ಬೆಳಗಿದಷ್ಟೂ ಸವೆಯುತ್ತದೆ. ಅದರಲ್ಲಿ ನೀಲಿ ಬೇಗ ಸವೆಯುತ್ತದೆ, ಅದಕ್ಕೇ ಕಲೆ ಹಳದಿಯಾಗಿ ಕಾಣುವುದು. ಒಂದೇ ಬಟನ್ನು ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಉರಿದರೆ ಆ ಜಾಗ ಮಂಕಾಗುತ್ತದೆ. ಹಳೇ ಎಲ್‌ಸಿಡಿ ಪರದೆಯಲ್ಲಿ ಹಿಂದಿನ ಚಿತ್ರದ ನೆರಳು ಉಳಿದರೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ತಾನಾಗಿ ಹೋಗುತ್ತದೆ. ಇದು ಹಾಗಲ್ಲ. ಸವೆದದ್ದು ಸವೆದದ್ದೇ.

ಎರಡನೆಯದು ಕೇಳಿ, ನನಗೆ ಮೈಯೆಲ್ಲ ಉರಿದದ್ದು ಇದಕ್ಕೆ. ಅಂಗಡಿಗೇ ಹೋಗಿ ಬೂದು ಚಿತ್ರ ಹಾಕಿ ತೋರಿಸಿದೆ. ಫೋನ್ ಕೈಗೆ ತೆಗೆದುಕೊಂಡ. ಸ್ಕ್ರೀನ್‌ಶಾಟ್ ಹೊಡೆದ. ಅದನ್ನು ತನ್ನ ಫೋನಿಗೆ ಕಳಿಸಿಕೊಂಡು ದೊಡ್ಡದು ಮಾಡಿ ಎಲ್ಲರ ಮುಂದೆ ತೋರಿಸಿದ. "ಎಲ್ಲಿದೆ ಸರ್ ಕಲೆ? ನೀವೇ ಹೇಳಿ. ಫೋನಲ್ಲಿ ಇದ್ದಿದ್ರೆ ಸ್ಕ್ರೀನ್‌ಶಾಟಲ್ಲಿ ಬರಬೇಕಿತ್ತು ತಾನೇ?" ಅಂಗಡಿಯಲ್ಲಿದ್ದ ಗಿರಾಕಿಗಳು ನನ್ನ ಕಡೆ ನೋಡಿದರು. ಒಬ್ಬರಂತೂ "ಕಣ್ಣು ತೋರಿಸ್ಕೊಳ್ಳಿ ಸಾರ್" ಅಂದುಬಿಟ್ಟರು. ಆ ಹೊತ್ತಿಗೆ ನನಗೆ ಬಾಯೇ ಬರಲಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಅದು ಯಾವತ್ತೂ ಬರುವುದಿಲ್ಲ ಸ್ವಾಮಿ! ಸ್ಕ್ರೀನ್‌ಶಾಟ್ ಅಂದರೆ ಫೋನು ಒಳಗಿನಿಂದ ಪರದೆಗೆ ಕಳಿಸುವ ಚಿತ್ರದ ನಕಲು, ಗಾಜಿನ ಹಿಂದೆ ಕಾಣುವ ಚಿತ್ರ ಅಲ್ಲ. ಸ್ಕ್ರೀನ್‌ಶಾಟ್ ಕ್ಲೀನ್ ಇದ್ದು ಕಣ್ಣಿಗೆ ಕಲೆ ಕಾಣುತ್ತಿದ್ದರೆ ಕೆಟ್ಟಿರುವುದು ಡಿಸ್‌ಪ್ಲೇನೇ ಅಂತ ಅದೇ ಸಾಕ್ಷಿ. ನನ್ನ ಸಾಕ್ಷಿಯನ್ನೇ ನನ್ನ ಮೇಲೆ ತಿರುಗಿಸಿ, ನಾಲ್ಕು ಜನರ ಮುಂದೆ ನನ್ನನ್ನು ಸುಳ್ಳ ಮಾಡಿದ.

"ಇಂಥಾ ಕಂಪ್ಲೇಂಟ್ ನಾನು ಕೇಳೇ ಇಲ್ಲ" ಅಂತ ಬೇರೆ ಅಂದ. ಫೋನ್ ಮಾರುವವನು! 2017ರಲ್ಲಿ ಗೂಗಲ್‌ನ ಪಿಕ್ಸೆಲ್ 2 ಎಕ್ಸ್‌ಎಲ್ ಬಂದಾಗ ಇದೇ ದೂರು ಎದ್ದು, ಗೂಗಲ್ ವಾರಂಟಿಯನ್ನೇ ಎರಡು ವರ್ಷಕ್ಕೆ ಏರಿಸಬೇಕಾಯಿತು. ಆಪಲ್‌ನವರು ಇದೇ ಜಾತಿಯ ಓಎಲ್ಇಡಿ ಪರದೆ ಇರುವ ತಮ್ಮ ಫೋನ್‌ಗಳಿಗೂ ಹೀಗಾಗಬಹುದು ಅಂತ ತಾವೇ ಬರೆದುಕೊಂಡಿದ್ದಾರೆ. ಇವನಿಗೆ ಮಾತ್ರ ಗೊತ್ತಿಲ್ಲ.

ಆಮೇಲೆ ರಾಗ ಬದಲಾಯಿತು. "ಯೂಟ್ಯೂಬಲ್ಲಿ ಬರ್ನ್ ಇನ್ ಫಿಕ್ಸ್ ಅಂತ ವಿಡಿಯೊ ಸಿಗುತ್ತೆ, ರಾತ್ರಿಯೆಲ್ಲ ಓಡಿಸಿ" ಅಂದ. ಕೆಂಪು, ಹಸಿರು, ನೀಲಿ ಪಟಪಟ ಬದಲಾಗುವ ವಿಡಿಯೊ. ಇದನ್ನು ನಂಬಬೇಡಿ. ಗೋಡೆಗೆ ವರ್ಷಗಟ್ಟಲೆ ಕ್ಯಾಲೆಂಡರ್ ನೇತುಹಾಕಿ ತೆಗೆದಾಗ ಉಳಿಯುವ ಗುರುತನ್ನು ಅಳಿಸಲು ಇಡೀ ಗೋಡೆಯನ್ನು ಮಾಸಿಸಿದ ಹಾಗೆ ಅದು. ಚೆನ್ನಾಗಿರುವ ಚುಕ್ಕಿಗಳನ್ನೂ ಸವೆಸುತ್ತದೆ, ಅಷ್ಟೇ. ಮತ್ತೆ, ಬರ್ನ್ ಇನ್ ಕೇಳೇ ಇಲ್ಲ ಅಂದವನಿಗೆ ಬರ್ನ್ ಇನ್ ವಿಡಿಯೊ ಹೇಗೆ ಗೊತ್ತಾಯಿತು?

ಕೊನೆಗೆ, "ಮೂರು ಸಾವಿರ ಕೊಡಿ, ಹೊಸ ಕಾಂಬೋ ಹಾಕಿ ಕೊಡ್ತೀನಿ." ಕಾಂಬೋ ಅಂದರೆ ಗಾಜು, ಡಿಸ್‌ಪ್ಲೇ ಒಟ್ಟಿಗೇ ಇರುವ ಸೆಟ್. ಒರಿಜಿನಲ್ಲಾ ಅಂತ ಕೇಳಿದೆ. "ಒರಿಜಿನಲ್ ತರಾನೇ ಸರ್." ಫಿಂಗರ್‌ಪ್ರಿಂಟ್ ಬರುತ್ತಾ? "ಅದೊಂದು ಬರಲ್ಲ. ಪ್ಯಾಟರ್ನ್ ಹಾಕ್ಕೊಳ್ಳಿ." ಈ ಫೋನಿನ ಫಿಂಗರ್‌ಪ್ರಿಂಟ್ ಇರುವುದು ಪರದೆಯ ಕೆಳಗೆ. ಅಗ್ಗದ ಎಲ್‌ಸಿಡಿ ಕಾಂಬೋ ಹಾಕಿದರೆ ಅದಕ್ಕೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್ ಪದರ ಅಡ್ಡ ಬಂದು ಅದು ಬೆರಳನ್ನು ನೋಡುವುದೇ ಇಲ್ಲ. ಅಮೋಲೆಡ್‌ಗೆ ದುಡ್ಡು ಕೊಟ್ಟ ನಾನು ಇನ್ನೂ ಮೂರು ಸಾವಿರ ಕೊಟ್ಟು ಎಲ್‌ಸಿಡಿ ಹಾಕಿಸಿಕೊಳ್ಳಬೇಕಂತೆ. ಸರ್ವಿಸ್ ಸೆಂಟರ್‌ನಲ್ಲಿ ಅಸಲಿ ಡಿಸ್‌ಪ್ಲೇಗೆ ಕೇಳಿದರೆ ಫೋನಿನ ಅರ್ಧ ಬೆಲೆಗಿಂತ ಜಾಸ್ತಿ ಹೇಳಿದರು.

ದುಡ್ಡು ವಾಪಸ್ ಕೊಡು ಅಂದದ್ದಕ್ಕೆ ಬಿಲ್ ತಿರುಗಿಸಿ ತೋರಿಸಿದ. ಹಿಂದೆ ಸೀಲು: ಮಾರಿದ ಮಾಲು ವಾಪಸ್ ಇಲ್ಲ. ಈ ಸೀಲು ನೋಡಿ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ದುಡ್ಡು ಕೊಡದಿರುವುದು ಅನುಚಿತ ವ್ಯಾಪಾರ ಅಂತ ಇದೆ. ಬಿಲ್ ಕೊಡದಿರುವುದೂ ಅದರಲ್ಲೇ ಬರುತ್ತದೆ. ನಾನು 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಿಲ್ಲು, ಬೂದು ಪರದೆಯನ್ನು ಇನ್ನೊಂದು ಫೋನಿನಲ್ಲಿ ತೆಗೆದ ಫೋಟೊ, ಅವನ ವಾಟ್ಸಾಪ್ ಮೆಸೇಜು, ಎಲ್ಲ ಇಟ್ಟುಕೊಂಡು ದೂರು ದಾಖಲಿಸಿದ್ದೇನೆ.

ನೀವು ಮಾತ್ರ ಹೀಗೆ ಮಾಡಿ. ಬೂದು ಬಣ್ಣದ ಒಂದು ಚಿತ್ರ, ಬಿಳಿಯದೊಂದು ನಿಮ್ಮ ವಾಟ್ಸಾಪ್‌ನಲ್ಲೇ ಇಟ್ಟುಕೊಂಡು ಹೋಗಿ. ಡಾರ್ಕ್ ಮೋಡ್ ತೆಗೆಸಿ, ಪರದೆ ತುಂಬ ಅದನ್ನು ಹಾಕಿ, ಬ್ರೈಟ್‌ನೆಸ್ ಏರಿಸಿಯೂ ಇಳಿಸಿಯೂ ನೋಡಿ. ಸ್ಯಾಮ್‌ಸಂಗ್ ಆದರೆ ಡಯಲ್ ಮಾಡುವ ಜಾಗದಲ್ಲಿ *#0*# ಒತ್ತಿದರೆ ಹೆಚ್ಚಿನ ಮಾಡೆಲ್‌ಗಳಲ್ಲಿ ಪರೀಕ್ಷೆಯ ಬಣ್ಣಗಳು ಅಲ್ಲೇ ಬರುತ್ತವೆ. ಕೀಬೋರ್ಡ್ ಬರುವ ಕೆಳಭಾಗ, ಗಡಿಯಾರ ಇರುವ ಮೇಲಿನ ಅಂಚು ಚೆನ್ನಾಗಿ ನೋಡಿ. ಅಂಗಡಿಯವನು ತೋರಿಸುವ ವಿಡಿಯೊ ನೋಡಲೇಬೇಡಿ. ಬಿಲ್ಲಿನಲ್ಲಿ ಐಎಂಇಐ ನಂಬರ್ (ಆ ಫೋನಿನ ಗುರುತಿನ ಸಂಖ್ಯೆ) ಜೊತೆಗೆ 'ಡಿಸ್‌ಪ್ಲೇಯಲ್ಲಿ ಕಲೆ ಇಲ್ಲ' ಅಂತ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ದೂರು ಹೋದ ಮೇಲೆ ಅವನೇ ಫೋನ್ ಮಾಡಿದ್ದ. ದನಿ ಬಹಳ ಮೆತ್ತಗಿತ್ತು. "ಸರ್, ಕಂಪ್ಲೇಂಟ್ ವಾಪಸ್ ತಗೊಳ್ಳಿ, ಬೇರೆ ಪೀಸ್ ಕೊಡ್ತೀನಿ. ನಾವು ನಾವು ಮಾತಾಡಿಕೊಳ್ಳೋಣ." ಆ ಅಂಗಡಿಯ ಇನ್ನೊಂದು ಪೀಸ್ ನನಗೆ ಬೇಡ. ಹದಿನೆಂಟು ಸಾವಿರ ನನ್ನ ಖಾತೆಗೆ ಬರುವ ತನಕ ದೂರು ವಾಪಸ್ ತೆಗೆಯಲ್ಲ ಅಂತ ಹೇಳಿ ಇಟ್ಟಿದ್ದೇನೆ. ಅವನು ಫೋನಿನಲ್ಲಿ ಹೇಳಿದ್ದನ್ನೂ ದೂರಿಗೆ ಸೇರಿಸಿದ್ದೇನೆ.