ವಾರ್ಡನ್ ಆಗೋದಾ, ಸ್ಯಾಕ್ರಿಸ್ಟನ್ ಆಗೋದಾ?

ಇಂಗ್ಲೆಂಡಿನ ಆಂಗ್ಲೋ-ಕ್ಯಾಥೊಲಿಕ್ ಚರ್ಚುಗಳಲ್ಲಿ (ಆಂಗ್ಲಿಕನ್ ಸಭೆಯೊಳಗಿದ್ದೂ ಕ್ಯಾಥೊಲಿಕ್ ರೀತಿಯಲ್ಲಿ ಪೂಜೆ ನಡೆಸುವ ಚರ್ಚುಗಳು) ಬಲಿಪೂಜೆ ಅರ್ಪಿಸುವವರು ಫಾದರ್. ಆದರೆ ಅವರೊಬ್ಬರಿಂದಲೇ ಎಲ್ಲ ನಡೆಯುವುದಿಲ್ಲ. ನೀವೂ ಕೈಜೋಡಿಸಬೇಕು ಅಂತಿದ್ದರೆ ಈ ಎರಡು ಕೆಲಸಗಳನ್ನು ನೋಡಿ: ಚರ್ಚಿನ ಆಡಳಿತ ನೋಡಿಕೊಳ್ಳುವ ವಾರ್ಡನ್, ಪೂಜೆಗೆ ಬೇಕಾದ್ದನ್ನು ಸಿದ್ಧಪಡಿಸುವ ಸ್ಯಾಕ್ರಿಸ್ಟನ್.

ವಾರ್ಡನ್ ಕೆಲಸಕ್ಕೆ ಕಾನೂನಿನ ಬಲವಿದೆ. ಸಾಮಾನ್ಯವಾಗಿ ಒಂದು ಪ್ಯಾರಿಷ್‌ಗೆ (ಒಂದು ಚರ್ಚಿನ ವ್ಯಾಪ್ತಿಗೆ) ಇಬ್ಬರು, ವರ್ಷಕ್ಕೊಮ್ಮೆ ಆಯ್ಕೆ. ಚರ್ಚಿನ ಸಾಮಾನುಗಳ ಪಟ್ಟಿ, ಕಟ್ಟಡದ ತಪಾಸಣೆ ಎಲ್ಲ ಅವರ ತಲೆಮೇಲೆ. ವಿಕಾರ್ (ಪ್ಯಾರಿಷ್‌ನ ಪಾದ್ರಿ) ಹುದ್ದೆ ಖಾಲಿಯಾದಾಗ ಹೊಣೆ ಇನ್ನೂ ಜಾಸ್ತಿ. ಸಭೆ, ಕಾಗದಪತ್ರ ಬೇಸರ ತರದವರಿಗೆ ಇದು ಸರಿ.

ಸ್ಯಾಕ್ರಿಸ್ಟನ್ ಕಣ್ಣಿಗೆ ಬೀಳುವುದೇ ಕಡಿಮೆ. ಎಲ್ಲರಿಗಿಂತ ಮೊದಲೇ ಬಂದು ಪಾನಪಾತ್ರೆ, ರೊಟ್ಟಿ, ದ್ರಾಕ್ಷಾರಸ ಸಿದ್ಧ ಮಾಡಬೇಕು. ಫಾದರ್ ತೊಡುವ ವಸ್ತ್ರದ ಬಣ್ಣ ತಪ್ಪಬಾರದು: ಲೆಂಟ್‌ಗೆ (ಈಸ್ಟರ್‌ಗೆ ಮುಂಚಿನ ಉಪವಾಸಕಾಲ) ನೇರಳೆ, ಈಸ್ಟರ್‌ಗೆ ಬಿಳಿ, ಪೆಂಟೆಕೋಸ್ಟ್‌ಗೆ (ಪವಿತ್ರಾತ್ಮನ ಹಬ್ಬ) ಕೆಂಪು, ಉಳಿದ ಎಷ್ಟೋ ಭಾನುವಾರಗಳಿಗೆ ಹಸಿರು. ಧೂಪಕ್ಕೆ ಇದ್ದಿಲು, ಮೇಣದಬತ್ತಿ ಇದೆಯಾ ಅಂತಲೂ ನೋಡಬೇಕು. ಪೂಜೆ ಮುಗಿದ ಮೇಲೆ ಬಟ್ಟೆ ಮಡಚಿಡುವ ಆ ಮೌನ ಇದೆಯಲ್ಲ, ಅದೂ ಪ್ರಾರ್ಥನೆಯೇ ಅಲ್ವಾ?

ಹೊಸಬರಿಗೆ ನಾನು ಹೇಳುವುದು ಸ್ಯಾಕ್ರಿಸ್ಟಿಯಲ್ಲೇ, ಅಂದರೆ ಪೂಜಾ ಸಾಮಗ್ರಿ ಇಡುವ ಕೋಣೆಯಲ್ಲೇ, ಶುರು ಮಾಡಿ ಅಂತ. ಪೂಜೆಯ ಒಳಗುಟ್ಟು ಅಲ್ಲೇ ತಿಳಿಯುತ್ತದೆ. ವಾರ್ಡನ್ ಆಗಬೇಕಾದರೆ ಹೇಗೂ ದೀಕ್ಷಾಸ್ನಾನ ಆಗಿರಬೇಕು, ಚರ್ಚಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಮೊದಲು ಆ ಹೆಸರು ಬರೆಸಿಬಿಡಿ.